ಹಾಡದ ಕಲ್ಲು

ಹಳೇ ಹುಬ್ಬಳ್ಳಿಯ ಓಣಿಯೊಂದರಲ್ಲಿ ಮುಕ್ತಾರನ ಸ್ಪೀಕರ್ ಅಂಗಡಿ ಇತ್ತು. ಸ್ಪೀಕರಿನ ಹರಿದ ಕಾಗದದ ಕೋನ್ ತೆಗೆದು ಹೊಸದು ಅಂಟಿಸುವುದು, ಸುಟ್ಟ ತಂತಿ ಬದಲಿಸುವುದು, ಮೆರವಣಿಗೆಯವರಿಗೆ ಪ್ಲೈವುಡ್ಡಿನ ಆಳೆತ್ತರದ ಡಬ್ಬಿ ಕಟ್ಟಿಕೊಡುವುದು ಅವನ ಹೊಟ್ಟೆಪಾಡು. ಆದರೆ ಅವನ ಜೀವವೆಲ್ಲ ಬೇರೆ ಕಡೆ ಇತ್ತು. ಮನೆಯಲ್ಲಿ ಕುಳಿತು ಕೇಳುವ ಸಣ್ಣ ಸ್ಪೀಕರ್ ಒಂದನ್ನು ಮಾಡಬೇಕು, ಕಣ್ಣು ಮುಚ್ಚಿದರೆ ಹಾಡುವವರು ಎದುರಿಗೇ ಬಂದು ಕುಳಿತಂತಿರಬೇಕು ಎಂಬುದು ಅವನ ಹುಚ್ಚು.

"ಡಬ್ಬಿ ಹಾಡಬಾರ್ದು, ಸ್ಪೀಕರ್ ಹಾಡಬೇಕು" ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದ. ಸ್ಪೀಕರ್ ಬಾರಿಸಿದಾಗ ಅದನ್ನು ಕೂರಿಸಿದ ಪೆಟ್ಟಿಗೆಯ ಹಲಗೆಯೂ ನಡುಗುತ್ತದೆ. ನಡುಗಿದ ಹಲಗೆ ತನ್ನದೊಂದು ದನಿ ಸೇರಿಸಿಬಿಡುತ್ತದೆ. ತಬಲಾದ ಪೆಟ್ಟು ಮಸುಕಾಗುತ್ತದೆ, ಹಾಡುವವರಿಗೆ ನೆಗಡಿ ಬಂದಂತಾಗುತ್ತದೆ. ಹಾಗಾಗಿ ಮುಕ್ತಾರ ನಡುಗದ ವಸ್ತುವನ್ನು ಹುಡುಕಿಕೊಂಡು ತಿರುಗಿದ. ಮಣ್ಣಿನ ಗಡಿಗೆಗೆ ಸ್ಪೀಕರ್ ಕೂರಿಸಿದ. ಗಡಿಗೆ ತಾನೇ ಗುಂಯ್ಗುಟ್ಟಿತು. ಸಿಮೆಂಟಿನ ಪೈಪು ತಂದ. ತಂಬೂರಿ ಮಾಡುವವರಿಂದ ಒಣ ಕುಂಬಳಕಾಯಿ ತಂದ. ಬ್ಯಾಂಡಿನವರು ಎಸೆದ ಡೋಲು, ಹಳೆಯ ಪ್ರೆಶರ್ ಕುಕ್ಕರು, ಕೊನೆಗೆ ಹೆಂಡತಿ ಯಾಸ್ಮಿನ ತವರಿನಿಂದ ತಂದಿದ್ದ ತಗಡಿನ ಟ್ರಂಕನ್ನೂ ಬಿಡಲಿಲ್ಲ.

"ಇವತ್ತ ನನ್ನ ಟ್ರಂಕ್ ಹೋತು, ನಾಳೆ ಅಡಿಗಿಮನಿ ಬೋಗಾಣಿ ಹೊಕ್ಕಾವು. ಮನ್ಯಾಗ ಏನರ ಉಳಸ್ತೀರೋ ಇಲ್ಲೋ?" ಎಂದು ಯಾಸ್ಮಿನ ಬೈಯುತ್ತಿದ್ದಳು. ಬೈದರೂ ಅವನು ಹೊಸದೊಂದನ್ನು ಬಾರಿಸಿ ತೋರಿಸುವಾಗ ಒಲೆ ಸಣ್ಣಗೆ ಮಾಡಿ ಬಂದು ನಿಂತು ಕೇಳುತ್ತಿದ್ದಳು.

ಮುಕ್ತಾರನಿಗೆ ಬೇಕಾದ ವಸ್ತುವನ್ನು ತಂದುಕೊಟ್ಟವನು ಹುಲಗೇಶ. ಇಬ್ಬರೂ ಕನ್ನಡ ಸಾಲೆಯಲ್ಲಿ ಒಂದೇ ಬೆಂಚಿನವರು. ಹುಲಗೇಶ ಬೈಪಾಸಿನ ಹತ್ತಿರ ಒಂದು ಗ್ರಾನೈಟ್ ಅಂಗಡಿಯಲ್ಲಿ ಕಲ್ಲು ಕೊಯ್ಯುವ ಕೆಲಸಕ್ಕಿದ್ದ. ಕೈ ಸಾಫು, ಮಾತು ಜೋರು, ನಗು ಅದಕ್ಕಿಂತ ಜೋರು. ಅಡಿಗೆಮನೆಯ ಕಟ್ಟೆಗೆ ಸಿಂಕು ಕೂರಿಸಲು ನಡುವೆ ಚೌಕವಾಗಿ ಕೊಯ್ದು ತೆಗೆಯುತ್ತಾರಲ್ಲ, ಆ ತುಂಡುಗಳು ಅಂಗಡಿಯ ಹಿಂದೆ ರಾಶಿ ಬಿದ್ದಿರುತ್ತಿದ್ದವು, ಕೇಳುವವರಿರಲಿಲ್ಲ. ಅಂಥದೊಂದನ್ನು ಹುಲಗೇಶ ಒಂದು ಸಂಜೆ ಸ್ಕೂಟರಿನ ಮೇಲೆ ಇಟ್ಟುಕೊಂಡು ಬಂದ.

"ತೊಗೋ, ಚಾ ಇಡಾಕ ಟೇಬಲ್ ಮಾಡ್ಕೊ. ಇದು ಗ್ರಾನೈಟ್ ಅಲ್ಲಲೇ, ಕ್ವಾರ್ಟ್ಸ್. ಕಲ್ಲಿನ ಪುಡಿಗಿ ಅಂಟ ಕಲಿಸಿ ಕಾರ್ಖಾನ್ಯಾಗ ಒತ್ತಿ ಮಾಡ್ತಾರ. ಈಗ ದೊಡ್ಡವರ ಮನ್ಯಾಗೆಲ್ಲಾ ಇದ ಬೇಕು."

ಮುಕ್ತಾರ ಅಭ್ಯಾಸದಂತೆ ಬೆರಳಿನ ಗೆಣ್ಣಿನಿಂದ ಅದನ್ನು ತಟ್ಟಿದ. ಇನ್ನೊಮ್ಮೆ ತಟ್ಟಿ ಕಿವಿ ಹಚ್ಚಿದ. ಗ್ರಾನೈಟ್ ತಟ್ಟಿದರೆ ಗಂಟೆಯ ಹಾಗೆ ಸಣ್ಣದೊಂದು ಟಣ್ ಬರುತ್ತದೆ. ಇದು ಟಕ್ ಎಂದು ಅಲ್ಲಿಗೇ ಸುಮ್ಮನಾಯಿತು. ಮುಕ್ತಾರನ ಮುಖ ನೋಡಿ ಹುಲಗೇಶ ನಕ್ಕುಬಿಟ್ಟ.

"ಆತು ಬಿಡು. ಚಾ ಟೇಬಲ್ ಇಲ್ಲ ಇನ್ನ."

ಮೊದಲ ಜೋಡಿ ಮಾಡಲು ಅವರಿಗೆ ಒಂದು ಮಳೆಗಾಲವೇ ಹಿಡಿಯಿತು. ಆರು ತುಂಡು ಕೊಯ್ದು, ಕಲ್ಲಿನ ಅಂಟಿನಿಂದ ಪೆಟ್ಟಿಗೆ ಕೂಡಿಸಿ, ಮುಂದಿನ ಹಲಗೆಗೆ ಸ್ಪೀಕರ್ ಕೂರುವ ದುಂಡು ತೂತು ಕೊರೆದು, ಒಳಗೆ ಗಾದಿಯ ಹತ್ತಿ ತುಂಬಿದರು. ತೂತಿನದೇ ಕಷ್ಟ. ನೇರ ಕೊಯ್ಯುವ ಚಕ್ರದಿಂದ ದುಂಡಗೆ ಕೊಯ್ಯಬೇಕೆಂದರೆ ಚೂರುಚೂರೇ ತಿಂದುಕೊಂಡು ಹೋಗಬೇಕು. ಹುಲಗೇಶ ಮುಕ್ತಾರನ ಅಂಗಡಿಯ ಹಿಂದಿನ ಸಣ್ಣ ಹಿತ್ತಲಿನಲ್ಲಿ ಕುಳಿತು, ಕಲ್ಲು ಕೊಯ್ಯುವ ಚಕ್ರದ ಗ್ರೈಂಡರ್ ಹಿಡಿದ. ಪಕ್ಕದಲ್ಲಿ ಬಾಟಲಿಗೆ ತೂತು ಮಾಡಿ ನೀರು ಬಿಟ್ಟುಕೊಂಡಿದ್ದ. ಗ್ರಾನೈಟ್ ಅಂಗಡಿಯಲ್ಲಿ ದೊಡ್ಡ ಮಷಿನ್ನಿಗೆ ನೀರು ಬಿಡುವ ರೂಢಿಯೇ ಅದು.

ಬೆಳ್ಳಗಿನ ರಾಡಿ ಹರಿದು ಓಣಿಯ ಗಟಾರು ಕಟ್ಟಿತು. ಪಕ್ಕದ ಮನೆಯ ಗುಲಾಬಸಾಬ ಬಂದು ಜಗಳ ತೆಗೆದರು. ಗೆರೆ ಹಾಕಿದ ಪೆನ್ಸಿಲ್ಲು ನೀರಿಗೆ ಅಳಿಸಿ ಒಂದು ತೂತು ಸೊಟ್ಟಾಯಿತು. ಒಂದು ತಿಂಗಳ ದುಡಿಮೆ ಮಣ್ಣುಪಾಲಾದ ಸಿಟ್ಟಿನಲ್ಲಿ ಮುಕ್ತಾರ ಬಾಟಲಿಯನ್ನು ಒದ್ದು, "ಈ ನೀರಿನ ಉಸಾಬರಿ ಬ್ಯಾಡ ಮಾರಾಯಾ. ಒಣಾನ ಕೊಯ್ಯಿ" ಎಂದ.

"ಧೂಳ ಭಾಳ ಹಾರ್ತೈತೋ."

"ಬಾಯಿಗಿ ದಸ್ತಿ ಕಟ್ಕೊ."

ಹುಲಗೇಶ ದಸ್ತಿ ಕಟ್ಟಿಕೊಂಡ. ಹಿತ್ತಲೆಲ್ಲ ಹಿಟ್ಟಿನ ಗಿರಣಿಯಂತಾಯಿತು. ಅವನ ಹುಬ್ಬು, ರೆಪ್ಪೆ, ಮೀಸೆ ಬೆಳ್ಳಗಾಗಿ, ಹೊರಗೆ ಬಂದಾಗ ಮುಪ್ಪಿನ ಮುದುಕನಂತೆ ಕಂಡ. ಇಬ್ಬರೂ ಬಿದ್ದು ಬಿದ್ದು ನಕ್ಕರು. ತೂತು ಮಾತ್ರ ಬಳೆಯಂತೆ ದುಂಡಗಿತ್ತು.

ಆ ಜೋಡಿಯನ್ನು ಮೊದಲ ಸಲ ಬಾರಿಸಿದಾಗ ಯಾಸ್ಮಿನ ಬಾಗಿಲಲ್ಲೇ ನಿಂತಳು. ಹಾಡುವಾಕೆ ಎರಡು ಸಾಲುಗಳ ನಡುವೆ ಉಸಿರು ಎಳೆದುಕೊಂಡದ್ದು ಕೂಡ ಕೇಳಿಸಿತು. ಪೆಟ್ಟಿಗೆಯ ಮೇಲೆ ಕೈ ಇಟ್ಟರೆ ಒಳಗೆ ಏನೂ ನಡೆದೇ ಇಲ್ಲ ಎಂಬಷ್ಟು ಶಾಂತ. ಮುಕ್ತಾರನ ಕಣ್ಣಲ್ಲಿ ನೀರು ಬಂತು. ಹುಲಗೇಶ ಅದನ್ನು ನೋಡಿ ತಮಾಷೆ ಮಾಡಲು ಹೋದವನು ಮಾಡದೆ ದನಿ ಇನ್ನಷ್ಟು ಏರಿಸಿದ.

ಆಮೇಲಿನದು ಬೇಗ ಬೇಗ ನಡೆಯಿತು. ಧಾರವಾಡದ ಒಬ್ಬ ನಿವೃತ್ತ ಮಾಸ್ತರರು ಒಂದು ಜೋಡಿ ಒಯ್ದರು. ಅವರ ಮನೆಯಲ್ಲಿ ಕೇಳಿದವರು ಇನ್ನಷ್ಟು ಒಯ್ದರು. ಅವರಲ್ಲೊಬ್ಬರು ಹೇಳಿದ್ದಕ್ಕೆ ಮುಕ್ತಾರ ಒಂದು ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕಿದ. ಬಿಸಾಕಿದ ಸಿಂಕಿನ ಕಲ್ಲಿನಿಂದ ಹೇಗೆ ಸ್ಪೀಕರ್ ಮಾಡುತ್ತೇವೆ ಎಂದು ಮೊದಲಿನಿಂದ ಕೊನೆಯತನಕ ತೋರಿಸಿದ್ದ. ಅದರಲ್ಲಿ ಹುಲಗೇಶ ಬಿಳಿ ಮೋಡದ ನಡುವೆ ಕುಳಿತು ತೂತು ಕೊರೆದು, ದಸ್ತಿ ಬಿಚ್ಚಿ, ಕ್ಯಾಮರಾಕ್ಕೆ ಹಲ್ಲು ತೋರಿಸುತ್ತಾನೆ. ಲಕ್ಷಗಟ್ಟಲೆ ಜನ ನೋಡಿದರು. ಪುಣೆ, ಸೊಲ್ಲಾಪುರ, ಹೈದರಾಬಾದಿನಿಂದ ಫೋನು ಬಂದವು. ಹುಲಗೇಶ ಗ್ರಾನೈಟ್ ಅಂಗಡಿ ಬಿಟ್ಟು ಪೂರ್ತಿ ಇಲ್ಲಿಗೇ ಬಂದ. ಮುಂದಿನ ಕೋಣೆಯಲ್ಲಿ ಮುಕ್ತಾರ ತಂತಿ ಬೆಸೆದು ದನಿ ಹೊಂದಿಸುವುದು, ಹಿತ್ತಲಲ್ಲಿ ಹುಲಗೇಶ ಕೊಯ್ಯುವುದು. ನಾಲ್ಕು ವರ್ಷ ಹೀಗೆ ಹೋದವು, ಒಳ್ಳೆಯ ವರ್ಷಗಳು.

ಕೆಮ್ಮು ಯಾವಾಗ ಶುರುವಾಯಿತೆಂದು ಯಾರಿಗೂ ನೆನಪಿಲ್ಲ. ಮೊದಮೊದಲು ಹುಲಗೇಶ ಅದನ್ನು ಬೀಡಿಯ ಮೇಲೆ ಹಾಕಿ, ಬೀಡಿ ಬಿಟ್ಟ. ಕೆಮ್ಮು ಬಿಡಲಿಲ್ಲ. ಅಂಗಿ ದೊಗಲೆಯಾದವು. ಸ್ಕೂಟರ್ ಸ್ಟ್ಯಾಂಡ್ ಹಾಕಿ ಒಳಗೆ ಬರುವಷ್ಟರಲ್ಲಿ ಬಾಗಿಲ ಚೌಕಟ್ಟು ಹಿಡಿದು ನಿಲ್ಲತೊಡಗಿದ. ದವಾಖಾನೆಯಲ್ಲಿ ಎಕ್ಸ್‌ರೇ ನೋಡಿ ಟಿ.ಬಿ. ಎಂದರು. ಆರು ತಿಂಗಳು ಗುಳಿಗೆ ನುಂಗಿದ. ಗುಳಿಗೆ ಮುಗಿದವು, ತ್ರಾಸು ಹೆಚ್ಚಾಯಿತು.

ಅವನ ಹೆಂಡತಿ ಮಾಯಾ ಅಂಗನವಾಡಿಯಲ್ಲಿ ಕೆಲಸ ಮಾಡುವವಳು. ಸುಲಭಕ್ಕೆ ಬಿಡುವ ಹೆಣ್ಣಲ್ಲ. ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದಳು. ಮುಕ್ತಾರನೂ ಜೊತೆಗೆ ಹೋದ. ಅಲ್ಲಿ ವಯಸ್ಸಾದ ಒಬ್ಬ ಡಾಕ್ಟರಮ್ಮ ಎಕ್ಸ್‌ರೇ ಫೋಟೋವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಅಲ್ಲಿಯವರೆಗೆ ಯಾರೂ ಕೇಳದ ಪ್ರಶ್ನೆ ಕೇಳಿದರು.

"ಏನ್ ಕೆಲಸ ಮಾಡ್ತೀರಿ ನೀವು?"

"ಕಲ್ಲ ಕೊಯ್ತೇನ್ರಿ."

"ನೀರ ಹಾಕ್ಕೊಂಡೋ, ಒಣಾನೋ?"

ಹುಲಗೇಶ ಮುಕ್ತಾರನ ಕಡೆ ನೋಡಲಿಲ್ಲ. "ಒಣಾನ ರಿ" ಎಂದ.

ಡಾಕ್ಟರಮ್ಮ ಫೋಟೋ ಕೆಳಗಿಟ್ಟರು. ಕಲ್ಲಿನ ಸಣ್ಣ ಪುಡಿ ಪುಪ್ಪುಸದ ಒಳಗೆ ಹೋಗಿ ಕೂತಿದೆ, ಕೂತಲ್ಲಿ ಗಾಯ ಮಾಡಿ ಗಡುಸಾಗಿದೆ, ಅದಕ್ಕೆ ಸಿಲಿಕೋಸಿಸ್ ಅನ್ನುತ್ತಾರೆ ಎಂದು ತಿಳಿಸಿ ಹೇಳಿದರು. ಈ ಕಾರ್ಖಾನೆಯ ಕಲ್ಲಿನ ಪುಡಿ ಗ್ರಾನೈಟಿಗಿಂತ ಕೆಟ್ಟದ್ದಂತೆ, ಇಪ್ಪತ್ತು ವರ್ಷದಲ್ಲಿ ಆಗುವುದು ನಾಲ್ಕೈದು ವರ್ಷಕ್ಕೇ ಆಗುತ್ತದಂತೆ. ಮಾಯಾ ಎಲ್ಲವನ್ನೂ ಕೇಳಿಸಿಕೊಂಡು, "ಔಷಧ ಯಾವುದ್ರಿ?" ಎಂದಳು.

"ತ್ರಾಸ ಕಡಿಮಿ ಮಾಡೂ ಔಷಧ ಕೊಡ್ತೇನಿ ತಾಯಿ. ರೋಗ ಪೂರ್ತಿ ಹೋಗೂವಂಥಾ ಔಷಧ ಇಲ್ಲ."

ವಾಪಸ್ಸು ಬರುವಾಗ ಅವರಿಬ್ಬರನ್ನು ಆಟೋದಲ್ಲಿ ನೇಕಾರ ನಗರದ ಮನೆಗೆ ಇಳಿಸಿ ಮುಕ್ತಾರ ಅಂಗಡಿಗೆ ಬಂದ. ಪುಣೆಯ ಒಂದು ಹೋಟೆಲಿನವರು ದೊಡ್ಡ ಆರ್ಡರ್ ಕೊಟ್ಟಿದ್ದರು, ಅರ್ಧ ಆಗಿತ್ತು. ಕೊಯ್ಯದ ಕಲ್ಲು ಹಿತ್ತಲಲ್ಲಿ ಗೋಡೆಗೆ ಒರಗಿದ್ದವು. ಮುಕ್ತಾರ ಅವುಗಳನ್ನು ನೋಡುತ್ತ ಕುಳಿತ. ಎರಡು ದಿನ ಕುಳಿತ. ಮೂರನೆಯ ದಿನ ಹುಲಗೇಶನ ಹಳೆಯ ಅಂಗಡಿಯಿಂದ ಸಲ್ಮಾನ ಎಂಬವನನ್ನು ಕರೆತಂದ.

ಸಲ್ಮಾನ ಇಬ್ಬರು ಮಕ್ಕಳ ತಂದೆ, ಮಿತಭಾಷಿ, ಕೆಲಸದಲ್ಲಿ ಹುಲಗೇಶನಷ್ಟೇ ಚುರುಕು. ಇದಿಷ್ಟು ಆರ್ಡರ್ ಮುಗಿಯಲಿ, ಆಮೇಲೆ ಕಲ್ಲನ್ನು ಮುಟ್ಟುವುದೇ ಬೇಡ ಎಂದು ಮುಕ್ತಾರ ತನಗೆ ತಾನೇ ಹೇಳಿಕೊಂಡ. ಕೊರೋನಾ ಕಾಲದ ಬಟ್ಟೆಯ ಮಾಸ್ಕು ಮನೆಯಲ್ಲಿ ಬಿದ್ದಿದ್ದವು, ಅವನ್ನು ತಂದು ಕೊಟ್ಟ. ಯಾಕೆಂದು ಸಲ್ಮಾನ ಕೇಳಲಿಲ್ಲ. ಕೇಳಲಿಲ್ಲ ಎಂಬುದೇ ಮುಕ್ತಾರನಿಗೆ ಹೇಳದಿರಲು ಸಾಕಾಯಿತು.

ಒಂದು ವಾರ ಕಳೆದಿರಬಹುದು. ಹುಲಗೇಶ ಅಂಗಡಿಯಲ್ಲೇ ಬಿಟ್ಟಿದ್ದ ಸ್ವೆಟರ್ ಒಯ್ಯಲು ಮಾಯಾ ಬಂದಳು. ಮುಂದಿನ ಕೋಣೆಗೆ ಕಾಲಿಡುತ್ತಿದ್ದಂತೆ ಹಿತ್ತಲಿನ ಗ್ರೈಂಡರ್ ದನಿ ಕೇಳಿಸಿತು. ಮುಕ್ತಾರ ಎದ್ದು ನಿಂತ.

"ಯಾರ್ರಿ ಅದು?" ಎಂದಳು.

"ವೈನಿ, ಕುಂಡ್ರಿ. ಸ್ವೆಟರ್ ನಾ ತಂದ ಕೊಡ್ತೇನಿ."

ಅವಳು ಕೂರಲಿಲ್ಲ. ನೇರವಾಗಿ ಹಿಂದೆ ಹೋದಳು. ಬಿಳಿಯ ಧೂಳಿನಲ್ಲಿ ಒಬ್ಬ ಮನುಷ್ಯ ಬಗ್ಗಿ ಕುಳಿತಿದ್ದ. ಹುಬ್ಬು ಬೆಳ್ಳಗೆ, ರೆಪ್ಪೆ ಬೆಳ್ಳಗೆ. ಒಂದು ಕ್ಷಣ ಅವಳಿಗೆ ತನ್ನ ಗಂಡನೇ ಅನ್ನಿಸಿರಬೇಕು, ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಗೋಡೆಯ ಕಡೆ ಹೋಗಿ ಪ್ಲಗ್ ಕಿತ್ತು ಎಸೆದಳು. ದನಿ ಇಳಿದು ನಿಂತಿತು.

"ಇಲ್ಲಿ ಮೊದ್ಲ ಕುಂತು ಕೊಯ್ತಿದ್ದವರು ಎಲ್ಲದಾರ ಗೊತ್ತೈತೇನ್ ನಿಮಗ?" ಎಂದು ಸಲ್ಮಾನನನ್ನು ಕೇಳಿದಳು. "ಮನ್ಯಾಗ ಗ್ವಾಡಿಗಿ ಆತು ಕುಂತಾರ. ಮಲಗಿದ್ರ ಉಸರು ನಿಲ್ತೈತಿ, ಅದಕ್ಕ ಮಲಗಂಗಿಲ್ಲ. ಇದ ಧೂಳದಿಂದ. ಔಷಧ ಇಲ್ಲಂತ ಡಾಕ್ಟರು ಹೇಳ್ಯಾರ. ಇವರ ಮುಂದ ಹೇಳ್ಯಾರ."

ಸಲ್ಮಾನ ಮಾಸ್ಕು ಕೆಳಗೆ ಎಳೆದು ಮುಕ್ತಾರನ ಮುಖ ನೋಡಿದ. "ಖರೇ ಏನ್ ಭಾಯ್?"

ಮುಕ್ತಾರ ಹೌದು ಎನ್ನಬೇಕಿತ್ತು. ಅಷ್ಟನ್ನೂ ಅನ್ನಲಾಗಲಿಲ್ಲ. ಸಲ್ಮಾನ ನಲ್ಲಿಯ ಕೆಳಗೆ ಕೈ, ಮುಖ, ಕುತ್ತಿಗೆ ತಿಕ್ಕಿ ತಿಕ್ಕಿ ತೊಳೆದುಕೊಂಡ. ಬುತ್ತಿಯ ಡಬ್ಬಿ ಎತ್ತಿಕೊಂಡು ಹೋದ.

ಮಾಯಾ ಸ್ವೆಟರನ್ನು ಗೂಟದಿಂದ ತಾನೇ ತೆಗೆದುಕೊಂಡಳು. ಅದರ ಮೇಲಿನ ಪುಡಿಯನ್ನು ಝಾಡಿಸಲು ಹೋದವಳು ಕೈ ತಡೆದು, ಹಾಗೇ ದುಂಡಗೆ ಸುತ್ತಿ, ಮನೆಗೆ ಒಯ್ಯದೆ ನೆಲದ ಮೇಲೇ ಇಟ್ಟು ಹೊರಟಳು. ಹೊಸ್ತಿಲ ಮೇಲೆ ನಿಂತು, "ಅವರ ಮುಂದ ಇದನ್ನ ಹೇಳಂಗಿಲ್ಲ ನಾ. ನಿಮ್ಮ ಸಲುವಾಗಿ ಅಲ್ಲ, ಅವರ ಸಲುವಾಗಿ" ಎಂದಳು.

ಪುಣೆಯವರಿಗೆ ಮುಕ್ತಾರ ಆಗುವುದಿಲ್ಲವೆಂದು ಫೋನು ಮಾಡಿದ. ಅವರು ಬಾಯಿಗೆ ಬಂದಂತೆ ಬೈದರು. ಅವತ್ತು ಮನೆಗೆ ಬಂದು ಯಾಸ್ಮಿನಳಿಗೆ ಎಲ್ಲ ಹೇಳಿದ. ಅವಳು ಸಿಟ್ಟು ಮಾಡಲಿಲ್ಲ. ಬಿಕ್ಕಿ ಅಳಲೂ ಇಲ್ಲ. "ನೀವೂ ಅದ ಗಾಳ್ಯಾಗ ಕುಂತಿದ್ರಿ. ನಾ ನಿಮ್ಮ ಅರಬಿ ಒಗದೇನಿ" ಎಂದಷ್ಟೇ ಅಂದು, ಮರುದಿನ ತಾನೇ ಕರೆದುಕೊಂಡು ಹೋಗಿ ಇಬ್ಬರದೂ ಎಕ್ಸ್‌ರೇ ತೆಗೆಸಿದಳು. ಅವಳದು ಸ್ವಚ್ಛ ಇತ್ತು. ಮುಕ್ತಾರನ ಫೋಟೋದಲ್ಲಿ ಮೇಲ್ಗಡೆ ಸಾಸಿವೆ ಚೆಲ್ಲಿದಂತೆ ಸಣ್ಣ ಚುಕ್ಕಿಗಳು. ಬೆಳೆಯಬಹುದು, ಬೆಳೆಯದೆಯೂ ಇರಬಹುದು, ಆರು ತಿಂಗಳಿಗೊಮ್ಮೆ ಬಂದು ತೋರಿಸಿ ಎಂದರು ಅದೇ ಡಾಕ್ಟರಮ್ಮ.

ಹುಲಗೇಶನಿಗೆ ಮನೆಯಲ್ಲೇ ಆಕ್ಸಿಜನ್ ಮಷಿನ್ ಹಚ್ಚಿದರು. ಮುಕ್ತಾರ ದಿನಾ ಮಧ್ಯಾಹ್ನ ಹೋಗಿ ಕೂರುತ್ತಿದ್ದ. ಏನು ಮಾಡಬೇಕೆಂದು ತಿಳಿಯದೆ ಒಂದು ದಿನ ತಾವಿಬ್ಬರೂ ಮಾಡಿದ ಮೊದಲ ಜೋಡಿಯನ್ನು ಹೊತ್ತು ತಂದು ಅವನ ಎದುರಿಗೆ ಇಟ್ಟ. ಅವನಿಗೆ ಇಷ್ಟವಾದ ಭಜನೆಯ ಪದ ಹಚ್ಚಿದ. ಡಗ್ಗಾದ ನಾಲ್ಕು ಪೆಟ್ಟು ಬಿದ್ದವೋ ಇಲ್ಲವೋ, ಹುಲಗೇಶ ಕೈ ಎತ್ತಿ ಬೇಡವೆಂದು ಸನ್ನೆ ಮಾಡಿದ.

"ಬಂದ್ ಮಾಡೋ. ಎದ್ಯಾಗ ಬಡೀತೈತಿ."

ಮುಕ್ತಾರ ತಂತಿ ಕಿತ್ತ. ಮಷಿನ್ನಿನ ಬುರುಬುರು ಒಂದೇ ಉಳಿಯಿತು. ಮಾಯಾ ಅಂಗನವಾಡಿಗೆ ಹೋಗಿದ್ದಳು, ಅವರ ಮಗಳು ಸಾಲೆಗೆ. ಇಷ್ಟು ದಿನ ಹೇಳದೆ ಇಟ್ಟುಕೊಂಡಿದ್ದ ಮಾತನ್ನು ಮುಕ್ತಾರ ಆಗ ಹೇಳಿದ.

"ಹುಲಗ್ಯಾ, ನೀರ ಬ್ಯಾಡಂತ ನಾನ ಹೇಳಿದ್ದೆ."

ಹುಲಗೇಶ ಉಸಿರು ಕೂಡಿಸಿಕೊಳ್ಳಲು ಹೊತ್ತು ತೆಗೆದುಕೊಂಡ. ಅವನು ಏನೆನ್ನಬಹುದು ಎಂದು ಮುಕ್ತಾರ ಮನಸ್ಸಿನಲ್ಲೇ ಎಷ್ಟೋ ಸಲ ಕಟ್ಟಿ ನೋಡಿಕೊಂಡಿದ್ದ. ಬಿಡೋ, ಇಬ್ಬರಿಗೂ ಗೊತ್ತಿರಲಿಲ್ಲ ಅನ್ನಬಹುದು. ಗ್ರಾನೈಟ್ ಅಂಗಡಿಯಲ್ಲೂ ಧೂಳು ಕುಡಿದಿದ್ದೆ ಅನ್ನಬಹುದು.

"ಹೂಂ" ಎಂದ ಹುಲಗೇಶ. "ನೀನ ಹೇಳಿದ್ದಿ."

ಅಷ್ಟೇ. ಸಿಟ್ಟಿರಲಿಲ್ಲ ಆ ದನಿಯಲ್ಲಿ, ಕ್ಷಮೆಯೂ ಇರಲಿಲ್ಲ. ಆಮೇಲೆ ಬೆನ್ನ ಹಿಂದಿನ ದಿಂಬು ಜಾರಿದೆ, ಮೇಲೆ ಸರಿಸು ಎಂದ. ಮುಕ್ತಾರ ಸರಿಸಿದ. ಮುಂದೆಯೂ ದಿನಾ ಹೋದ. ಆ ಮಾತನ್ನು ಇಬ್ಬರೂ ಮತ್ತೆ ಎತ್ತಲಿಲ್ಲ. ಚಳಿ ಮುಗಿಯುವ ಮೊದಲೇ ಒಂದು ಮುಂಜಾನೆ, ಮಾಯಾ ಚಹಾ ಸೋಸಿ ತರುವಷ್ಟರಲ್ಲಿ, ಗೋಡೆಗೆ ಆತು ಕುಳಿತಲ್ಲೇ ಹುಲಗೇಶ ಹೋಗಿಬಿಟ್ಟಿದ್ದ.

ಮಣ್ಣು ಮಾಡಿ ಬಂದ ಮೇಲೆ ಮುಕ್ತಾರನಿಗೆ ಆ ವಿಡಿಯೋದ ಚಿಂತೆ ಹತ್ತಿತು. ಅದು ಈಗಲೂ ಓಡುತ್ತಿತ್ತು. ನಾನೂ ಇವತ್ತಿನಿಂದ ಶುರು ಮಾಡಿದೆ ಎಂದು ಯಾರೋ ಎಲ್ಲಿಂದಲೋ ಬರೆಯುತ್ತಿದ್ದರು, ತಾವು ಕೊಯ್ದ ಕಲ್ಲಿನ ಫೋಟೋ ಹಾಕುತ್ತಿದ್ದರು. ಅದನ್ನು ತೆಗೆದುಹಾಕುತ್ತೇನೆ ಎಂದು ಹೇಳಲು ಮಾಯಾಳ ಹತ್ತಿರ ಹೋದ. ಹೇಳದೆ ತೆಗೆಯಲು ಅವನಿಗೆ ಮನಸ್ಸಾಗಲಿಲ್ಲ.

"ಅದರಾಗ ನಗತಾರ ಅವರು" ಎಂದಳು ಮಾಯಾ. "ನನ್ನ ಮಗಳು ದಿನಾ ಸಾಲಿಂದ ಬಂದ ಮ್ಯಾಲೆ ನೋಡ್ತಾಳ. ಮಾತಾಡೂದು, ನಗೂದು ಅದೊಂದರಾಗ ಐತಿ. ಮದುವಿ ಫೋಟೋದಾಗ ಸೈತ ಗಟ್ಟಿ ಮುಖಾ ಮಾಡ್ಯಾರ."

"ನಿಮ್ಮ ಫೋನಿಗಿ ಹಾಕಿ ಕೊಡ್ತೇನಿ ವೈನಿ. ನಿಮ್ಮ ಹತ್ರ ಇರ್ಲಿ. ಊರ ಮಂದಿ ನೋಡೂದು ಬ್ಯಾಡ."

ಅವಳು ಬೇಡವೆಂದು ತಲೆ ಅಲ್ಲಾಡಿಸಿದಳು. ಆಮೇಲೆ, "ಅದನ್ನ ತಗದ್ರ ನೋಡಿದವರು ಮರೀತಾರೇನ? ಅವರಿಗೆ ಹೇಳವ್ರು ಯಾರು? ಇನ್ನೊಂದ ಮಾಡ್ರಿ. ನಾ ಮಾತಾಡ್ತೇನಿ. ನೀವೂ ಕುಂಡ್ರಬೇಕು, ಬಾಜೂಕ. ನೀರ ಬ್ಯಾಡ ಅಂದವರು ಯಾರಂತ ನೀವ ಹೇಳಬೇಕು" ಎಂದಳು.

ಮುಕ್ತಾರ ತಲೆ ತಗ್ಗಿಸಿಕೊಂಡು ಒಪ್ಪಿದ.

ಹೊಸ ವಿಡಿಯೋದಲ್ಲಿ ಹಾಡಿಲ್ಲ, ಸ್ಪೀಕರ್ ಇಲ್ಲ. ಮಾಯಾ ಗಂಡನ ಎಕ್ಸ್‌ರೇ ಹಿಡಿದು ಕುಳಿತಿದ್ದಾಳೆ. ಯಾವ ಕಲ್ಲು, ಹೇಗೆ ಕೊಯ್ದರು, ಏನಾಯಿತು ಎಂದು ಅಂಗನವಾಡಿಯ ಮಕ್ಕಳಿಗೆ ಹೇಳುವಂತೆ ನಿಧಾನಕ್ಕೆ ಹೇಳುತ್ತಾಳೆ. ಪಕ್ಕದಲ್ಲಿ ಮುಕ್ತಾರ ತಾನು ಹೇಳಬೇಕಾದ್ದನ್ನು ಹೇಳುತ್ತಾನೆ, ಮಾತು ತಡವರಿಸುತ್ತದೆ. ಹಳೆಯದನ್ನು ತೆಗೆಯದೆ ಅದರ ಕೆಳಗೆ ಇದರ ಲಿಂಕ್ ಹಾಕಿದರು. ಆದರೂ ಹಳೆಯದನ್ನು ನೋಡಿದವರಲ್ಲಿ ನೂರಕ್ಕೊಬ್ಬರೂ ಇದನ್ನು ನೋಡಲಿಲ್ಲ. ಕೆಲವರು ಬೈದರು. ಗ್ರಾನೈಟ್ ಅಂಗಡಿಯ ಮಾಲಕನೊಬ್ಬ ಫೋನು ಮಾಡಿ, ನಮ್ಮ ಹೊಟ್ಟೆಯ ಮೇಲೆ ಯಾಕೆ ಹೊಡೆಯುತ್ತೀ ಎಂದು ಕೂಗಾಡಿದ. ಮುಕ್ತಾರ ಮತ್ತೆ ಹರಿದ ಕೋನ್ ಅಂಟಿಸುವ ಕೆಲಸಕ್ಕೆ ಕುಳಿತ.

ಬೇಸಿಗೆಯ ಒಂದು ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಬಾಗಲಕೋಟೆ ಕಡೆಯ ಮನುಷ್ಯ, ಹೆಸರು ಬಸವಪ್ರಭು ಎಂದ.

"ನಿಮ್ಮ ಎರಡೂ ವಿಡಿಯೋ ನೋಡೇನ್ರಿ. ಮೊದಲಿಂದು ನೋಡೇ ನಾನೂ ನನ್ನ ತಮ್ಮಾನೂ ಮೂರು ವರ್ಷದಿಂದ ಕಲ್ಲಿನ ಸ್ಪೀಕರ್ ಮಾಡಾಕತ್ತೇವಿ. ಈಗ ತಮ್ಮಗ ಕೆಮ್ಮ ಐತ್ರಿ. ಟಿ.ಬಿ. ಅಂದಾರ, ಗುಳಿಗಿ ನಡದಾವು."

ಅವನ ಮಾತಿನ ಹಿಂದೆ ಒಂದು ಗ್ರೈಂಡರ್ ಓಡುತ್ತಿತ್ತು. ನೀರು ಬಿಟ್ಟು ಕೊಯ್ಯುವಾಗ ಚಕ್ರ ಬುಸುಗುಡುತ್ತದೆ, ಇದು ಕಿರುಚುತ್ತಿತ್ತು. ಮುಕ್ತಾರ ಎದ್ದು ನಿಂತ.

"ಹಿಂದ ಕೊಯ್ಯಾಕತ್ತವರು ಯಾರ್ರಿ?"

"ತಮ್ಮನ ರಿ."

"ಮೊದ್ಲ ಅದನ್ನ ಬಂದ್ ಮಾಡಸ್ರಿ. ಈಗಿಂದೀಗ. ಆಮ್ಯಾಲ ಮಾತಾಡೂಣು."

ಆ ಕಡೆ ಅವನು ಯಾರನ್ನೋ ಕೂಗಿದ. ಮತ್ತೊಮ್ಮೆ ಜೋರಾಗಿ ಕೂಗಿದ. ಗ್ರೈಂಡರ್ ನಿಂತಿತು. ನಿಂತ ಮೇಲೆ ದೂರದಲ್ಲಿ ಯಾರೋ ಕೆಮ್ಮುವುದು ಕೇಳಿಸಿತು, ಒಣಗಿದ, ತಳವಿಲ್ಲದ ಕೆಮ್ಮು. ಮುಕ್ತಾರನಿಗೆ ಅದರ ಪರಿಚಯವಿತ್ತು. ಇವತ್ತೇ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋಗಬೇಕು, ಅವರು ಕೇಳದಿದ್ದರೂ ಕಲ್ಲು ಕೊಯ್ಯುವ ಕೆಲಸವೆಂದು ಹೇಳಬೇಕು, ನಿಮ್ಮದೂ ತೋರಿಸಿಕೊಳ್ಳಬೇಕು ಎಂದು ಒಂದೊಂದಾಗಿ ಹೇಳಿದ. ಅವನು ಹೂಂ ಹೂಂ ಎನ್ನುತ್ತ ಕೇಳಿದ.

"ಅಷ್ಟ ಮಾಡಿದ್ರ ಆರಾಮ ಆಕ್ಕಾನೇನ್ರಿ ತಮ್ಮ?"

ಮುಕ್ತಾರನಿಗೆ, ಆಗುತ್ತಾನೆ ಎನ್ನುವುದು ಸುಲಭವಿತ್ತು. ಏನೂ ಹೇಳದೆ ಫೋನು ಇಡುವುದು ಇನ್ನೂ ಸುಲಭ.

"ಇಲ್ಲ ರಿ" ಎಂದ. "ಪೂರ್ತಿ ಆರಾಮ ಆಗಂಗಿಲ್ಲ. ಆದ್ರ ಇವತ್ತ ಬಿಟ್ರ ಇನ್ನಷ್ಟು ದಿನಾ ಇರ್ತಾರ. ಫೋನ್ ಇಡಬ್ಯಾಡ್ರಿ. ಅವರ ಕೈಯಾಗ ಕೊಡ್ರಿ, ನಾನ ಹೇಳ್ತೇನಿ."